ಬೀದರಿನ 2041: ಫ್ಲೆಕ್ಸ್ ಹಾಸಿ ಕಾಳು ಇಟ್ಟು ಮಾಡಿದ ಲೆಕ್ಕ

ಊರಿನ ಮುಂದಿನ ಇಪ್ಪತ್ತು ವರ್ಷದ ಬಗ್ಗೆ ಜನರನ್ನು ಕೇಳಲು ಹೋದವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಹಿಡಿದು ಹೋಗುತ್ತಾರೆ: ‘ನಿಮಗೆ ಏನು ಬೇಕು?’ ಉತ್ತರ ಹೋಗುವ ಮೊದಲೇ ಗೊತ್ತಿರುತ್ತದೆ. ಚರಂಡಿ, ಬೀದಿದೀಪ, ನಳದ ನೀರು. ಕೇಳುವುದು ನ್ಯಾಯವೇ, ಆದರೆ ಅದು ಈ ವರ್ಷದ ಬಜೆಟ್ಟಿನ ಮಾತು. ಊರು ಯಾವ ಕಡೆ ಬೆಳೆಯುತ್ತದೆ ಅನ್ನುವ ಸುಳಿವು ಅದರಲ್ಲಿಲ್ಲ.

ನಾನು ಪಟ್ಟಣ ಯೋಜನೆ ಓದಿ ಅದೇ ಕೆಲಸ ಮಾಡುವವನು. ಬೀದರಿನ ಕೆಲವು ಓಣಿಗಳ ಪರವಾಗಿ ಬೆಳವಣಿಗೆಯ ಲೆಕ್ಕ ಹಾಕಿ, ಮಾಸ್ಟರ್ ಪ್ಲಾನಿಗೆ (ಊರು ಎಲ್ಲಿ, ಹೇಗೆ ಬೆಳೆಯಬೇಕು ಅನ್ನುವ ಸರ್ಕಾರಿ ನಕ್ಷೆಗೆ) ಸಲಹೆ ಬರೆದುಕೊಡಲು ಗೆಳೆಯರ ಜೊತೆ ಸೇರಿಕೊಂಡೆ. ನಾವು ಕೇಳಿದ್ದು ಮೂರೇ ಪ್ರಶ್ನೆ. ಹತ್ತು ವರ್ಷದ ಹಿಂದೆ ನಿಮ್ಮ ಮನೆ ಎಲ್ಲಿತ್ತು? ಈಗ ಎಲ್ಲಿದೆ? ಮಕ್ಕಳಿಗೆ ಅಂತ ಪ್ಲಾಟ್ ಎಲ್ಲಿ ಹಿಡಿದಿದ್ದೀರಿ?

ಇದನ್ನು ಯಾಕೆ ಕೇಳಬೇಕು ಅನ್ನೋದಕ್ಕೆ ಮೊದಲು ಅಂಕಿ ನೋಡಿ. ಬೀದರ್ ನಗರದ ಜನಸಂಖ್ಯೆ 2001ರಲ್ಲಿ ಸುಮಾರು 1.7 ಲಕ್ಷ, 2011ರಲ್ಲಿ 2.16 ಲಕ್ಷ. ಹತ್ತು ವರ್ಷಕ್ಕೆ ಇಷ್ಟೇ ಜನ ಸೇರುತ್ತಾ ಹೋದರೆ 2041ಕ್ಕೆ ಸುಮಾರು ಮೂರೂವರೆ ಲಕ್ಷ. ಇದೇ ಶೇಕಡಾವಾರು ಹೆಚ್ಚುತ್ತಾ ಹೋದರೆ ನಾಲ್ಕು ಲಕ್ಷ ದಾಟುತ್ತದೆ. ಎರಡೂ ಪಠ್ಯಪುಸ್ತಕದಲ್ಲಿರುವ ಸೂತ್ರಗಳೇ. ನಡುವಿನ ವ್ಯತ್ಯಾಸ ಸುಮಾರು ಮುಕ್ಕಾಲು ಲಕ್ಷ ಜನ. ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ದಿನಕ್ಕೆ ಸುಮಾರು ಒಂದು ಕೋಟಿ ಲೀಟರ್ ನೀರಿನ ವ್ಯತ್ಯಾಸ! ಯಾವ ಸೂತ್ರ ಹಿಡಿಯಬೇಕು ಅಂತ ಗಣತಿ ಪುಸ್ತಕ ಹೇಳುವುದಿಲ್ಲ. ಜನ ಹೇಳುತ್ತಾರೆ, ಕೇಳುವ ಹಾಗೆ ಕೇಳಿದರೆ.

ಊರಿನ ಉಪಗ್ರಹ ಚಿತ್ರವನ್ನು ದೊಡ್ಡ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿದೆವು. ಗೋಡೆಗೆ ತೂಗುಹಾಕಲಿಲ್ಲ, ನೆಲಕ್ಕೆ ಹಾಸಿದೆವು. ಗೋಡೆ ಮೇಲಿದ್ದರೆ ಭಾಷಣ ಮಾಡುವವರು ಮಾತ್ರ ಎದ್ದು ಬರುತ್ತಾರೆ. ನೆಲದ ಮೇಲಿದ್ದರೆ ಅಜ್ಜಿಯರೂ ಚಪ್ಪಲಿ ಬಿಟ್ಟು ಬಂದು ಕೂರುತ್ತಾರೆ. ಮೊದಲು ಹಳೆ ಊರಿನ ನಡುವಿನ ಗೋಪುರ ಚೌಬಾರಾ ಹುಡುಕುತ್ತಾರೆ, ಅಲ್ಲಿಂದ ಬೆರಳು ಓಡಿಸುತ್ತಾ ಮನೆಗೆ ಬರುತ್ತಾರೆ. ಹಳೆ ಮನೆ ಇದ್ದ ಕಡೆ ಉದ್ದಿನ ಕಾಳು, ಈಗಿನ ಮನೆಗೆ ಹೆಸರುಕಾಳು, ಹಿಡಿದಿಟ್ಟ ಪ್ಲಾಟಿಗೆ ಕಡಲೆ. ಫ್ಯಾನ್ ಮಾತ್ರ ಆರಿಸಿ, ಇಲ್ಲದಿದ್ದರೆ ಹೆಸರುಕಾಳು ತಾನೇ ವಲಸೆ ಹೋಗುತ್ತದೆ. ಪ್ರತಿ ಸಭೆ ಮುಗಿದ ಮೇಲೆ ಮೇಲಿನಿಂದ ಒಂದು ಫೋಟೋ ತೆಗೆದು ಎಣಿಸಿಕೊಳ್ಳುತ್ತಿದ್ದೆವು. ಮಾತು ಕನ್ನಡದಲ್ಲೂ ದಖನಿಯಲ್ಲೂ (ಇಲ್ಲಿನ ಉರ್ದು) ನಡೆಯಬೇಕು. ಕನ್ನಡದಲ್ಲಷ್ಟೇ ನಡೆಸಿದರೆ ಕೋಟೆ ಪಕ್ಕದ ಮೊಹಲ್ಲಾಗಳವರು ಸುಮ್ನೆ ಕೂತು ಚಹಾ ಕುಡಿದು ಹೋಗುತ್ತಾರೆ.

ಉದ್ದು ಹಳೆ ಊರಿನೊಳಗೆ, ಹೆಸರುಕಾಳು ಅದರ ಹೊರಗೆ. ಇದು ಗೊತ್ತಿದ್ದದ್ದೇ. ಕಡಲೆ ನೋಡಿ ನಾವು ಕೂತುಬಿಟ್ಟೆವು. ಊರಂಚಿನ ನೌಬಾದ್ ಕಡೆ ರಾಶಿ ಬಿದ್ದಿತ್ತು.

ನೌಬಾದಿನ ನೆಲದಡಿ ಸುರಂಗ ಬಾವಿ ಇದೆ, ಕರೇಜ್ ಅಂತಾರಲ್ಲ ಅದು. ಬೀದರ್ ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ನೀರು ಈ ಕಲ್ಲಿನಲ್ಲಿ ಇಳಿದು, ಕೆಳಗಿನ ನೀರು ಬಿಡದ ಪದರದ ಮೇಲೆ ನಿಲ್ಲುತ್ತದೆ. ಬಹಮನಿಯರ ಕಾಲದಲ್ಲಿ ಅಲ್ಲಿಗೆ ಸುರಂಗ ಕೊರೆದು, ತೀರಾ ಸಣ್ಣ ಇಳಿಜಾರು ಕೊಟ್ಟು, ಪಂಪು ಇಲ್ಲದೆ ನೀರು ಹರಿಸಿದರು. ಗಾಳಿಗೆ, ಹೂಳು ತೆಗೆಯೋದಕ್ಕೆ ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿ. ಈ ಕಿಂಡಿ ಮುಚ್ಚಿ ಮನೆ ಕಟ್ಟಿದರೆ ಹೂಳು ತೆಗೆಯುವ ದಾರಿ ಹೋಯಿತು. ಸುತ್ತಲಿನ ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿ, ಮೇಲಿಂದ ಬೋರ್ ಕೊರೆದರೆ ನೀರೇ ಹೋಯಿತು. ಹಾಗಾಗಿ ನೌಬಾದಿನ ಸಭೆಯಲ್ಲಿ ನಾಲ್ಕನೇ ಕಾಳು ಇಟ್ಟೆವು: ತೊಗರಿ, ಕಿಂಡಿ ಕಂಡ ಕಡೆ. ದನ ಮೇಯಿಸಿದವರಿಗೆ, ಹೊಲ ಮಾಡಿದವರಿಗೆ ಅದು ಬಾಯಿಪಾಠ. ‘ಇಲ್ಲಿ ಹಾಳು ಬಾವಿ ಇತ್ತು, ಕಸ ಹಾಕಿ ಮುಚ್ಚಿದ್ರು’ ಅಂತ ಒಬ್ಬರು ತೋರಿಸಿದ ಜಾಗ ಉಳಿದ ತೊಗರಿಗಳ ಸಾಲಿನಲ್ಲೇ ಬಂತು. ಕಡಲೆ ರಾಶಿ, ಅದರ ನಡುವೆ ತೊಗರಿ ಸಾಲು. ಅಲ್ಲಿ ಮನೆ ಬೇಡ ಅನ್ನುವುದು ನಮ್ಮ ಮಾತಲ್ಲ, ಪ್ಲಾಟ್ ಹಿಡಿದವರು ಕೇಳುವುದೂ ಇಲ್ಲ. ಕಿಂಡಿ ಸಾಲಿನ ಗುಂಟ ಉದ್ಯಾನ, ನಡೆಯುವ ದಾರಿ ಬಿಡಿ ಅಂತ ಬರೆದೆವು. ಲೇಔಟ್ ಮಾಡುವವರು ಹೇಗೂ ಪಾರ್ಕಿಗೆ ಜಾಗ ಬಿಡಲೇಬೇಕು. ಅದು ಮೂಲೆಯ ತಗ್ಗಿನಲ್ಲಿ ಬೇಡ, ಇಲ್ಲಿ ಬರಲಿ, ಅಷ್ಟೇ.

ದುಡಿಮೆಯ ಮಾತು ಬಂದಾಗ ಬಿದ್ರಿ ಕೆಲಸದವರು (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವವರು) ಹೇಳಿದ್ದು ನನಗೆ ಸರಿ ಅನ್ನಿಸಿತು. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಅವರ ಓಣಿಗೆ ವಸತಿ ಮಾತ್ರ ಅನ್ನುವ ಬಣ್ಣ ಬಳಿದರೆ ಮನೆಯೊಳಗಿನ ಕಾರ್ಖಾನೆ ಕಾಗದದ ಮೇಲೆ ತಪ್ಪಾಗುತ್ತದೆ. ಕೊಳಾರ ಇಂಡಸ್ಟ್ರಿಯಲ್ ಏರಿಯಾಕ್ಕೆ ಕಳಿಸಿದರೆ ಕೋಟೆ ನೋಡಲು ಬರುವ ಗಿರಾಕಿ ಅಲ್ಲಿಗೆ ಬರುವುದಿಲ್ಲ. ಕಪ್ಪು ಬಣ್ಣ ಬರಿಸುವ ಮಣ್ಣೂ ಕೋಟೆಯದ್ದೇ. ಮನೆ ಮತ್ತು ಕೆಲಸ ಎರಡೂ ನಡೆಯುವ ಮಿಶ್ರ ವಲಯ ಕೇಳಿದೆವು.

ಇನ್ನೊಂದು ಸಂಗತಿ ಹೇಳಿದವರು ಮನೆ ಬಾಡಿಗೆ ಕೊಡುವ ಹೆಂಗಸರು. ಪಿಯುಸಿ, ನೀಟ್ ಕೋಚಿಂಗಿಗೆ ಹೊರ ಜಿಲ್ಲೆಗಳಿಂದ ಬರುವ ಮಕ್ಕಳು ಬೀದರಿನಲ್ಲಿ ಜಾಸ್ತಿ. ಅವರಿಗಾಗಿ 2011ರ ಮೇಲೆ ಎದ್ದ ಹಾಸ್ಟೆಲ್, ಪಿಜಿಗಳು ಹಳೆ ಗಣತಿಯಲ್ಲಿಲ್ಲ. ಟ್ಯಾಂಕರ್ ಯಾವ ಓಣಿಗೆ ಎಷ್ಟು ಬರುತ್ತದೆ ಅಂತ ಇವರಿಗಿಂತ ಚೆನ್ನಾಗಿ ಯಾವ ಇಲಾಖೆಗೂ ಗೊತ್ತಿಲ್ಲ. ಇದೂ, ಕಡಲೆ ರಾಶಿಯೂ ಸೇರಿ ನಾವು ನೀರಿನ ಲೆಕ್ಕಕ್ಕೆ ದೊಡ್ಡ ಅಂಕಿಯನ್ನೇ ಹಿಡಿದೆವು.

ಇನ್ನು ಕಾಗದದ ಕೆಲಸ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ, ತಾತ್ಕಾಲಿಕ ಒಪ್ಪಿಗೆ ಪಡೆದ ಮಾಸ್ಟರ್ ಪ್ಲಾನ್ ಪ್ರಕಟವಾದ ಮೇಲೆ ಅಭಿಪ್ರಾಯ ಬರೆದುಕೊಡಲು ಜನರಿಗೆ 60 ದಿನ ಸಿಗುತ್ತದೆ. ಅಷ್ಟರಲ್ಲಿ ಕಾಳಿಟ್ಟು ಕೂರಲು ಆಗುವುದಿಲ್ಲ, ಸಭೆಗಳನ್ನು ಮೊದಲೇ ಮುಗಿಸಿಟ್ಟುಕೊಳ್ಳಿ. ‘ಹಾಳು ಬಾವಿ ಹತ್ತಿರ’ ಅಂತ ಬರೆದರೆ ಕಚೇರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಜಾಗದಲ್ಲೇ ನಿಂತು ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ, ಪಹಣಿ ಜೊತೆ ತಾಳೆ ಹಾಕಿ ಬರೆಯಿರಿ. ಒಂದು ಅರ್ಜಿಗೆ ಒಂದೇ ವಿಷಯ. ಸ್ವೀಕೃತಿ ಸೀಲು ಬೀಳದೆ ಕೌಂಟರ್ ಬಿಡಬೇಡಿ. ‘ನಾಳೆ ಬನ್ನಿ’ ಅಂದರೂ ಅಲ್ಲೇ ಕೂತಿರಿ.

ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ವಾರ್ಡುವಾರು ಅಂಕಿ ಬಂದಮೇಲೆ ಎರಡೂ ಸೂತ್ರ ಮತ್ತೆ ಹಾಕಿ ನೋಡುವುದಿದೆ. ಹಾಸ್ಟೆಲ್ ಲೆಕ್ಕ ಅಲ್ಲಿಯವರೆಗೆ ಕಾಯುವುದಿಲ್ಲ, ಅದನ್ನು ಅಡ್ಮಿಷನ್ ಮುಗಿದ ಕೂಡಲೇ ಪ್ರತಿ ವರ್ಷ ಮಾಡಬೇಕು.