ಮನೆ ಎಷ್ಟಕ್ಕೆ ಮಾರಬೇಕು? ಲೆಕ್ಕ ಕೊನೆಯಿಂದ ಶುರು ಮಾಡಿ

2025ರ ದೀಪಾವಳಿ ಆದ ಮೇಲೆ ಬೆಳಗಾವಿಯ ಅನಗೋಳದ ನಮ್ಮ ಕಾಕಾ-ಕಾಕು (ಚಿಕ್ಕಪ್ಪ-ಚಿಕ್ಕಮ್ಮ) ಮನೆ ಮಾರುವ ಮಾತು ತೆಗೆದರು. ಕಾಕಾಗೆ 62 ವರ್ಷ. ಬೈಲಹೊಂಗಲ ಕಡೆಯ ಊರಲ್ಲಿ ಹಿರಿಯರ ಮನೆ ಇದೆ, ಅದನ್ನೇ ರಿಪೇರಿ ಮಾಡಿಸಿ ಅಲ್ಲಿಗೆ ಹೋಗುವುದು ಅಂತ ಇಬ್ಬರೂ ಗಟ್ಟಿ ಮಾಡಿದ್ದರು. ಓಣಿಯವರು 60 ಲಕ್ಷ ಬರುತ್ತದೆ ಅಂದರು. ಏಜೆಂಟ್ 50 ಬಂದರೆ ಕೊಟ್ಟುಬಿಡಿ ಅಂದರು. "ನಮಗ 55 ಬಂದ್ರ ಎಲ್ಲಾ ಮುಗೀತದ ತಮ್ಮಾ" ಅಂದರು ಕಾಕಾ. ಆ 55 ಎಲ್ಲಿಂದ ಬಂತು ಅಂತ ಕೇಳಿ, ಒಂದು ನೋಟ್‌ಬುಕ್ ಹಿಡಿದು ಕೂತೆವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಂಕಿ ಹಾಕಿಕೊಂಡು ನೋಡಿ.

ಮೊದಲು, ಕೈಗೆ ಎಷ್ಟು ಬೇಕು?

ಮಗಳ ಲಗ್ನಕ್ಕೆ 12 ಲಕ್ಷ. ಊರ ಮನೆ ರಿಪೇರಿಗೆ 8. ಬ್ಯಾಂಕಿನಲ್ಲಿ ಇಡಲು 25. ಮಗನ ಓದಿಗೆಂದು ಮನೆ ಮೇಲೆ ತೆಗೆದ ಸಾಲದಲ್ಲಿ ಇನ್ನೂ 9 ಬಾಕಿ. ಸಾಮಾನು ಸಾಗಿಸುವುದು, ಸಣ್ಣಪುಟ್ಟ ಖರ್ಚು ಸೇರಿ 1. ಒಟ್ಟು 55.

ಇದರಲ್ಲಿ ಆ 25ರ ಬಗ್ಗೆ ಸ್ವಲ್ಪ ನಿಂತು ಕೇಳಲೇಬೇಕು. ಎಫ್‌ಡಿಗೆ ಅಂತ ಸುಮ್ನೆ ಒಂದು ದುಂಡು ಸಂಖ್ಯೆ ಬರೆಯುವವರೇ ಜಾಸ್ತಿ. ತಿಂಗಳಿಗೆ ಎಷ್ಟು ಬೇಕು ಅಂತ ಕಾಕುಗೆ ಕೇಳಿದೆ. ಅವರು ಕಿರಾಣಿ, ಔಷಧ, ಕರೆಂಟ್, ಹಾಲು ಎಲ್ಲ ಬೆರಳಲ್ಲಿ ಎಣಿಸಿ, "ಪೆನ್ಶನ್ ಬಿಟ್ಟು ಹದಿಮೂರುವರೆ ಸಾವಿರ" ಅಂದರು. ಶೇ 6.5 ಬಡ್ಡಿಯ ಎಫ್‌ಡಿಯಲ್ಲಿ ಅಷ್ಟು ಬರಬೇಕಾದರೆ 25 ಲಕ್ಷ ಬೇಕು, ಸರಿ. ತಿಂಗಳ ಅಗತ್ಯ ಇಷ್ಟು ಅಂತ ಗೊತ್ತಿದ್ದದ್ದು ಮುಂದೆ ಬಹಳ ಕೆಲಸಕ್ಕೆ ಬಂತು.

ನಂತರ, ತೆರಿಗೆ

ಹೆಚ್ಚಿನವರು ಎಡವುವುದು ಇಲ್ಲೇ. ತೆರಿಗೆ ಬೀಳುವುದು ಲಾಭದ ಮೇಲೆ. ಬ್ಯಾಂಕಿನ ಸಾಲ ತೀರಿಸಿದ ಹಣವನ್ನು ಲಾಭದಿಂದ ಕಳೆಯಲು ಬರುವುದಿಲ್ಲ. ಕಳೆಯಲು ಬರುವುದು ಮನೆ ಕೊಂಡ ಬೆಲೆ, ಆಗ ಕಟ್ಟಿದ ಸ್ಟಾಂಪ್ ಮತ್ತು ನೋಂದಣಿ ಖರ್ಚು, ಮೇಲೆ ಕಟ್ಟಿಸಿದ್ದಕ್ಕೆ ಹಾಕಿದ ಹಣ, ಮಾರುವಾಗಿನ ಏಜೆಂಟ್ ಕಮಿಷನ್.

ಕಾಕಾ 2008ರ ಜುಲೈಯಲ್ಲಿ ಮನೆ ಕೊಂಡಾಗ ಎಲ್ಲ ಸೇರಿ 14 ಲಕ್ಷ ಬಿದ್ದಿತ್ತು. 2014ರಲ್ಲಿ ಮೇಲಿನ ಮಜಲಿಗೆ 8 ಲಕ್ಷ. ಎರಡು ವರ್ಷ ದಾಟಿ ಇಟ್ಟುಕೊಂಡ ಮನೆಯಾದರೆ ಈಗ ಲಾಭದ ಮೇಲೆ ತೆರಿಗೆ ಶೇ 12.5. ಆದರೆ 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ, ಇಲ್ಲೇ ವಾಸವಾಗಿರುವ ನಮ್ಮಂಥವರಿಗೆ ಹಳೆಯ ದಾರಿಯೂ ತೆರೆದಿದೆ. ಹಣದುಬ್ಬರಕ್ಕೆ ತಕ್ಕಂತೆ ಹಳೆಯ ಖರ್ಚನ್ನು ಹಿಗ್ಗಿಸಿ, ಉಳಿದ ಲಾಭದ ಮೇಲೆ ಶೇ 20. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರಾಯಿತು. ಎರಡರಲ್ಲೂ ಬಂದ ತೆರಿಗೆಯ ಮೇಲೆ ಮತ್ತೆ ಶೇ 4 ಸೆಸ್ (ಉಪತೆರಿಗೆ) ಇದೆ. ಹಾಗಾಗಿ ಲೆಕ್ಕಕ್ಕೆ 13 ಮತ್ತು 20.8 ಅಂತ ಹಿಡಿಯಿರಿ.

ಹಿಗ್ಗಿಸುವುದು ಸುಲಭ. ಸರ್ಕಾರದ ಸೂಚ್ಯಂಕ 2008-09ಕ್ಕೆ 137, 2014-15ಕ್ಕೆ 240, 2025-26ಕ್ಕೆ 376. 14 ಲಕ್ಷವನ್ನು 376ರಿಂದ ಗುಣಿಸಿ 137ರಿಂದ ಭಾಗಿಸಿದರೆ 38.42. ಹಾಗೇ 8 ಲಕ್ಷ 12.53 ಆಗುತ್ತದೆ. ಕೂಡಿದರೆ 50.96 ಲಕ್ಷ.

ಈಗ ಒಂದು ಬೆಲೆ ಊಹಿಸಿ ಇಳಿಸುತ್ತಾ ಬನ್ನಿ. 55ಕ್ಕೆ ಮಾರಿದರೆ ಶೇ 2 ಕಮಿಷನ್ 1.10 ಹೋಗಿ 53.90. ಅದರಲ್ಲಿ 50.96 ಕಳೆದರೆ ಲಾಭ 2.94, ತೆರಿಗೆ 0.61. ಕೈಗೆ 53.29 ಮಾತ್ರ. 1.71 ಕಮ್ಮಿ ಬಿತ್ತು. 57 ಹಿಡಿದು ನೋಡಿದರೆ 54.84. 57.2ಕ್ಕೆ ಸರಿಯಾಗಿ 55 ಕೈಗೆ ಬರುತ್ತದೆ. ಶೇ 12.5ರ ದಾರಿಯಲ್ಲಿ ಹೋಗಿದ್ದರೆ ಅದೇ 55 ಕೈಗೆ ಸಿಗಲು 61 ಲಕ್ಷ ದಾಟಿ ಮಾರಬೇಕಿತ್ತು!

ಕಾಕಾ ಅಟ್ಟದ ಮೇಲಿನ ಟ್ರಂಕ್ ಇಳಿಸಿ, 2014ರ ಸಿಮೆಂಟು, ಕಬ್ಬಿಣ, ಗೌಂಡಿಯ ಚೀಟಿಗಳನ್ನು ಹಾಸಿಗೆ ಮೇಲೆ ಹರವಿದರು. ಹಳದಿಯಾಗಿದ್ದವು, ಪಿನ್ನು ತುಕ್ಕು ಹಿಡಿದಿತ್ತು, ಅಕ್ಷರ ಓದಲು ಬರುತ್ತಿತ್ತು. 57.2ಕ್ಕೆ ಮಾರುವ ಲೆಕ್ಕದಲ್ಲಿ ಆ ಕಟ್ಟು ಒಂದೇ ಉಳಿಸುವ ತೆರಿಗೆ 2.6 ಲಕ್ಷ. ದಯವಿಟ್ಟು ಇಂಥ ಚೀಟಿ ಎಸೆಯಬೇಡಿ.

ಲಾಭದಿಂದ ಬೇರೆ ಮನೆ ಕೊಳ್ಳುವವರಿಗೆ, ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ಬಾಂಡ್‌ನಲ್ಲಿ ಹಾಕುವವರಿಗೆ ವಿನಾಯಿತಿ ಇದೆ. ನಿಮ್ಮ ತೆರಿಗೆ ದೊಡ್ಡದಿದ್ದರೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಹತ್ತಿರ ಕೇಳಿ.

ಕೊಳ್ಳುವವರ ಜೇಬು

57.2 ನಮಗೆ ಬೇಕಾದ ಬೆಲೆ. ಅದನ್ನು ಯಾರಾದರೂ ಕೊಡಬೇಕಲ್ವಾ? ಅದೇ ಓಣಿಯಲ್ಲಿ ಇತ್ತೀಚೆಗೆ ಮಾರಿದವರನ್ನು ಕೇಳಿ. ಉಪನೋಂದಣಿ ಕಚೇರಿಯ ಸರ್ಕಾರಿ ರೇಟೂ ನೋಡಿ. ಅದು ನೀವು ಮಾರಿದ ಬೆಲೆಗಿಂತ ಶೇ 10ಕ್ಕೂ ಜಾಸ್ತಿ ಮೇಲಿದ್ದರೆ, ತೆರಿಗೆ ಇಲಾಖೆ ಸರ್ಕಾರಿ ರೇಟನ್ನೇ ನಿಮ್ಮ ಮಾರಾಟದ ಬೆಲೆ ಅಂತ ಹಿಡಿಯುತ್ತದೆ.

ಇನ್ನೊಂದು ವಿಷಯ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಸ್ಟಾಂಪ್, ಸೆಸ್ ಎಲ್ಲ ಸೇರಿ ನಗರದಲ್ಲಿ ಕೊಳ್ಳುವವರಿಗೆ ಬೀಳುವುದು ಶೇ 7.6. ಅಂದರೆ 57 ಲಕ್ಷ ಹೊಂದಿಸಿಕೊಂಡು ಬಂದವರಿಗೆ ಮನೆಗೆ ಕೊಡಲು ಉಳಿಯುವುದು 53. ಕಾಕಾ ಮನೆ ನೋಡಿದ ಮೂರು ಮಂದಿಯೂ ಆ 53ರ ಸುತ್ತಲೇ ಸುತ್ತಾಡಿದರು.

ಒಬ್ಬರು "ಖರೀದಿ ಪತ್ರದಾಗ 40 ತೋರಿಸೋಣ, ಉಳಿದದ್ದು ನಗದು" ಅಂದರು. ಕಾಕಾ ಒಪ್ಪಲಿಲ್ಲ, ನನಗೆ ಅದು ಸಮಾಧಾನ ತಂದಿತು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆ ಹಣವನ್ನು ರಾಜಾರೋಷವಾಗಿ ಠೇವಣಿ ಇಡಲೂ ಆಗುವುದಿಲ್ಲ.

ಹೊಂದದಿದ್ದರೆ ಏನು ಮಾಡಬೇಕು?

53ಕ್ಕೆ ಮಾರಿದರೆ ಕಮಿಷನ್ 1.06, ತೆರಿಗೆ 0.20. ಸಾಲ, ಸಾಗಾಟ, ಲಗ್ನ, ರಿಪೇರಿ ಎಲ್ಲ ಕಳೆದು ಉಳಿಯುವುದು 21.74. ಕಾಕಾ ಮುಖ ಸಣ್ಣದಾಯಿತು. ಆರು ತಿಂಗಳು ಕಾಯೋಣ ಅಂದರು. ಕಾಯಬಹುದು, ಆದರೆ 9 ಲಕ್ಷ ಸಾಲಕ್ಕೆ ಶೇ 10ರಂತೆ ಆರು ತಿಂಗಳ ಬಡ್ಡಿಯೇ 45,000.

ಆಗ ಕಾಕು ಹೇಳಿದ್ದ ತಿಂಗಳ ಲೆಕ್ಕಕ್ಕೆ ತಿರುಗಿ ಹೋದೆವು. 60 ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಐದು ವರ್ಷದ್ದು, ಮಿತಿ 30 ಲಕ್ಷ. 2023ರ ಏಪ್ರಿಲ್‌ನಿಂದ ಶೇ 8.2 ಬಡ್ಡಿ. 20 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 41,000, ಅಂದರೆ ತಿಂಗಳಿಗೆ 13,600ರ ಮೇಲೆ. 25 ಬೇಕೇ ಬೇಕು ಅನ್ನುವುದು ಅಲ್ಲಿಗೆ ಬಿತ್ತು. ನಿಮ್ಮ ಲೆಕ್ಕದಲ್ಲೂ ಕೊರತೆ ಬಿದ್ದರೆ, ಮನೆ ಬೆಲೆಯನ್ನು ಜಗ್ಗುವ ಮೊದಲು ಪಟ್ಟಿಯ ಒಂದೊಂದು ಸಾಲನ್ನೂ ಹೀಗೆ ಕೆದಕಿ ನೋಡಿ.

ಬೆಲೆ ಹೇಳುವ ಮೊದಲು ಕಾಗದ ಸರಿ ಮಾಡಿಕೊಳ್ಳಿ. ಇ-ಆಸ್ತಿ (ಆಸ್ತಿಯ ಆನ್‌ಲೈನ್ ದಾಖಲೆ) ಆಗಿರಬೇಕು, ಉತಾರದಲ್ಲಿ (ಆಸ್ತಿಯ ದಾಖಲೆ ಪ್ರತಿಯಲ್ಲಿ) ವಾರಸುದಾರರ ತಕರಾರು ಇರಬಾರದು. ಬ್ಯಾಂಕಿನ ಬೋಜಾ (ಸಾಲದ ಹೊರೆ) ಕಂಡ ಕೂಡಲೇ ಕೊಳ್ಳುವವರು ಲಕ್ಷದ ಮಾತಿನಲ್ಲಿ ಇಳಿಸುತ್ತಾರೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಕಾಗದ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಪರಿಹಾರ ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಧೈರ್ಯವಾಗಿ ಕೇಳಿ.

ಮನೆ 53ಕ್ಕೇ ಹೋಯಿತು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಂಡವರು ಶೇ 1ರಂತೆ 53,000 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ. ಮನೆಯ ಲಾಭಕ್ಕೆ ಬೀಳುವ ತೆರಿಗೆ ಸುಮಾರು 20,400. ರಿಟರ್ನ್ ತುಂಬಿ ಹೆಚ್ಚಿನದ್ದನ್ನು ವಾಪಸ್ ಕೇಳಲು ಬೇಕಾದ ಟಿಡಿಎಸ್ ಸರ್ಟಿಫಿಕೇಟನ್ನು ಕಾಕು ಅದೇ ಟ್ರಂಕಿನಲ್ಲಿ, ಸಿಮೆಂಟ್ ಚೀಟಿಗಳ ಮೇಲೆ ಇಟ್ಟಿದ್ದಾರೆ.