ಐವತ್ತೆರಡು ಕಂತುಗಳ ಮುಂದೆ ಕೂರುವ ಮೊದಲು

ಇಂಗ್ಲೆಂಡಿನ ಒಬ್ಬ ದೊರೆಯ ಮನೆತನ ಮತ್ತು ಅವನ ಸೇವಕರ ಕಥೆ ಹೇಳುವ ಬ್ರಿಟಿಷ್ ಟಿವಿ ಧಾರಾವಾಹಿ ‘ಡೌನ್‌ಟನ್ ಆ್ಯಬಿ’ ನೋಡಿ ಎಂದು ನನಗೆ ಹೇಳದವರೇ ಇರಲಿಲ್ಲ. ಏನಿದೆ ಅದರಲ್ಲಿ ಎಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ: ಅರಮನೆಯಂಥ ಮನೆ, ಕಣ್ಣಿಗೆ ಹಬ್ಬವಾಗುವ ಉಡುಪು, ಮಾತಿನಲ್ಲೇ ಚುಚ್ಚುವ ಒಬ್ಬ ಅಜ್ಜಿ. ಎಲ್ಲವೂ ನಿಜವೇ ಇರಬಹುದು. ಆದರೆ ಉಡುಪು ನೋಡಿ ತಣಿಯಲು ಎರಡು ಕಂತು ಸಾಕು. ಇಲ್ಲಿರುವುದು ಆರು ಸೀಸನ್, 52 ಕಂತು, ಹೆಚ್ಚುಕಡಿಮೆ 50 ಗಂಟೆ. ದುಡ್ಡು ಸುರಿದು ತೆಗೆದ ಯಾವ ಐತಿಹಾಸಿಕ ಧಾರಾವಾಹಿಯಲ್ಲಿ ಉಡುಪು ಚೆನ್ನಾಗಿರುವುದಿಲ್ಲ ಹೇಳಿ? ಎಲ್ಲದರಲ್ಲೂ ಇರುವ ಗುಣವನ್ನು ಹಿಡಿದು ಆಯ್ಕೆ ಮಾಡಲಾಗುವುದಿಲ್ಲ.

ಹಳೆಯ ಕಾಲದ ಕಥೆ ಹೇಳುವ ದೀರ್ಘ ಧಾರಾವಾಹಿಗಳನ್ನು ಇಷ್ಟಪಟ್ಟು ನೋಡುವವನು ನಾನು. ಇಷ್ಟವಿರುವುದರಿಂದಲೇ ಶುರು ಮಾಡುವ ಮುನ್ನ ಜಿಪುಣನಾಗುತ್ತೇನೆ. ನಾನು ಮೊದಲು ವಿಚಾರಿಸುವುದು ಕಥೆಯನ್ನಲ್ಲ, ಅದರ ಗಡಿಯಾರವನ್ನು. ಯಾವ ವರ್ಷದಲ್ಲಿ ಶುರುವಾಗಿ ಯಾವ ವರ್ಷದಲ್ಲಿ ನಿಲ್ಲುತ್ತದೆ, ಒಂದೊಂದು ಸೀಸನ್ ಎಷ್ಟು ಕಾಲವನ್ನು ನುಂಗುತ್ತದೆ? ಇಷ್ಟು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಕೊರಿಯಾ ಯುದ್ಧ ನಡೆದದ್ದು 1950ರಿಂದ 1953ರವರೆಗೆ, ಮೂರೇ ವರ್ಷ. ಆ ಯುದ್ಧದ ಸೇನಾ ಆಸ್ಪತ್ರೆಯೊಂದನ್ನು ಕುರಿತ ‘ಮ್ಯಾಶ್’ ಅಮೆರಿಕದ ಟಿವಿಯಲ್ಲಿ ಬಂದದ್ದು 1972ರಿಂದ 1983ರವರೆಗೆ, ಹನ್ನೊಂದು ವರ್ಷ. ಅಲ್ಲಿ ಕಾಲ ಮುಂದೆ ಸಾಗಲು ಜಾಗವೇ ಇಲ್ಲ. ಹಾಗಾಗಿ ಅದನ್ನು ಬಿಡಿಬಿಡಿ ಕಂತುಗಳಾಗಿ ಸವಿಯಬೇಕೇ ಹೊರತು ಯುದ್ಧದ ಕಥೆ ಎಲ್ಲಿಗೆ ಮುಟ್ಟಿತು ಎಂದು ಕಾಯಬಾರದು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಕುರಿತ ‘ದಿ ಕ್ರೌನ್’ ಇದಕ್ಕೆ ತದ್ವಿರುದ್ಧ. 1947ರ ರಾಜಮನೆತನದ ಮದುವೆಯಿಂದ 2005ರವರೆಗಿನ ಕಾಲವನ್ನು 60 ಕಂತುಗಳಲ್ಲಿ ಓಡಿಸುತ್ತದೆ. ಎರಡೆರಡು ಸೀಸನ್‌ಗೆ ಪಾತ್ರವರ್ಗವೇ ಬದಲು: ರಾಣಿಯಾಗಿ ಮೊದಲು ಕ್ಲೇರ್ ಫಾಯ್, ಆಮೇಲೆ ಒಲಿವಿಯಾ ಕೋಲ್ಮನ್, ಕೊನೆಗೆ ಇಮೆಲ್ಡಾ ಸ್ಟಾಂಟನ್. ಒಂದು ಮುಖಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇನ್ನೊಂದು ಮುಖ ಬಂದು ಕೂರುತ್ತದೆ. ಇದು ಕೆಲವರಿಗೆ ಹಿಡಿಸುವುದಿಲ್ಲ. ನನಗೆ ಮಾತ್ರ ಅನುಕೂಲವಾಗಿಯೇ ಕಂಡಿತು: ಎರಡು ಸೀಸನ್ ನೋಡಿ, ಅಷ್ಟಕ್ಕೇ ಸಾಕು ಎನ್ನಲು ಧಾರಾವಾಹಿಯೇ ಬಾಗಿಲು ತೆರೆದಿಟ್ಟಿದೆ.

ಡೌನ್‌ಟನ್ನಿನ ಲೆಕ್ಕ ನೋಡಿದೆ. ಕಥೆ ಶುರುವಾಗುವುದು 1912ರ ಏಪ್ರಿಲ್‌ನಲ್ಲಿ, ಟೈಟಾನಿಕ್ ಮುಳುಗಿದ ಸುದ್ದಿಯೊಂದಿಗೆ. ಮುಗಿಯುವುದು 1925 ಕಳೆದು 1926 ಕಾಲಿಡುವ ರಾತ್ರಿ. ಮೊದಲ ಸೀಸನ್‌ನ ಏಳೇ ಕಂತುಗಳಲ್ಲಿ ಎರಡು ವರ್ಷ ದಾಟಿ, 1914ರ ಆಗಸ್ಟ್‌ನಲ್ಲಿ ಯುದ್ಧ ಘೋಷಣೆಯಾಗುವಲ್ಲಿಗೆ ನಿಲ್ಲುತ್ತದೆ. ಎರಡನೆಯದು ನೇರವಾಗಿ 1916ರಲ್ಲಿ, ಫ್ರಾನ್ಸಿನ ಸಾಮ್ ಎಂಬ ರಣರಂಗದಲ್ಲಿ ತೆರೆದುಕೊಳ್ಳುತ್ತದೆ. ಜಿಗಿಯಲು ಅಂಜದ ಬರವಣಿಗೆ ಇದು ಎಂದುಕೊಂಡೆ. ರಬ್ಬರಿನಂತೆ ಎಳೆಯುವವರು ಎರಡು ವರ್ಷವನ್ನು ಹಾಗೆ ಸಲೀಸಾಗಿ ಕೈಬಿಡುವುದಿಲ್ಲ.

ಆಮೇಲಿನ ಪ್ರಶ್ನೆ: ಕಥೆ ತಾನಾಗಿ ಮುಗಿದಿದೆಯೋ, ಯಾರೋ ಮುಗಿಸಿದ್ದೋ? ಪ್ರಾಚೀನ ರೋಮಿನ ಕಥೆ ‘ರೋಮ್’ ಎಷ್ಟು ಭವ್ಯವೋ ಅಷ್ಟೇ ದುಬಾರಿ. ಎರಡು ಸೀಸನ್, 22 ಕಂತಿಗೆ ನಿಂತುಹೋಯಿತು. ಎರಡನೆಯ ಸೀಸನ್‌ನಲ್ಲಿ ಇತಿಹಾಸ ಬಾಲಕ್ಕೆ ಬೆಂಕಿ ಬಿದ್ದಂತೆ ಓಡುವುದು ಯಾರಿಗಾದರೂ ಕಾಣುತ್ತದೆ. ಅಮೆರಿಕದ ಹಳೆಯ ಗಣಿ ಊರೊಂದರ ಕಥೆ ‘ಡೆಡ್‌ವುಡ್’ 2006ರಲ್ಲಿ 36 ಕಂತಿಗೆ ನಿಂತು, ಒಂದು ಮುಕ್ತಾಯ ಕಾಣಲು 2019ರ ಸಿನಿಮಾದವರೆಗೆ ಕಾಯಬೇಕಾಯಿತು. ಎರಡನೇ ಮಹಾಯುದ್ಧದ ಕಾಲದ ಪೊಲೀಸ್ ಅಧಿಕಾರಿಯ ಕಥೆ ‘ಫಾಯ್ಲ್ಸ್ ವಾರ್’ ಇನ್ನೊಂದು ಬಗೆ. ನಡುವೆ ವಾಹಿನಿ ಅದನ್ನು ನಿಲ್ಲಿಸಲು ಹೊರಟಿದ್ದರಿಂದ ಯುದ್ಧದ ಕೊನೆಯ ವರ್ಷಗಳನ್ನು ಲೇಖಕರು ಅವಸರದಲ್ಲಿ ದಾಟಬೇಕಾಯಿತು. ಬಳಿಕ ನೋಡುಗರ ಒತ್ತಾಯಕ್ಕೆ ಮಣಿದು ಧಾರಾವಾಹಿ ಮರಳಿ ಬಂತು, ಆದರೆ ಹಾರಿಹೋದ ತಿಂಗಳುಗಳು ಹೋದವೇ. ಇವುಗಳನ್ನು ನೋಡಬಾರದು ಎನ್ನುತ್ತಿಲ್ಲ, ‘ಡೆಡ್‌ವುಡ್’ ಅಂತೂ ಅರ್ಧದಲ್ಲಿ ನಿಂತೂ ಹಲವು ಪೂರ್ಣ ಧಾರಾವಾಹಿಗಳಿಗಿಂತ ಮೇಲು. ಎಲ್ಲಿ ತುಂಡಾಗಿದೆ ಎಂಬುದು ಮೊದಲೇ ತಿಳಿದಿದ್ದರೆ ಕೊನೆಗೆ ಸಿಟ್ಟು ಬರುವುದಿಲ್ಲ, ಅಷ್ಟೇ. ಡೌನ್‌ಟನ್ 2010ರಲ್ಲಿ ಶುರುವಾಗಿ 2015ರ ಕ್ರಿಸ್‌ಮಸ್ ದಿನ ಮುಗಿದದ್ದು ಅದನ್ನು ಮಾಡಿದವರ ಇಚ್ಛೆಯಿಂದಲೇ. ಈ ವಿಷಯದಲ್ಲಿ ಚಿಂತೆಯಿರಲಿಲ್ಲ.

ಇಷ್ಟಾದ ಮೇಲೆ ಮೊದಲ ಕಂತನ್ನು ಹಾಕಿಕೊಂಡೆ. ಇದನ್ನು ನಾನು ಪರೀಕ್ಷೆಯಾಗಿ ನೋಡುತ್ತೇನೆ, ಮನರಂಜನೆಯಾಗಿ ಅಲ್ಲ. ನಾನು ಹುಡುಕುವುದು ಒಂದನ್ನೇ: ಜನ ದುಡಿಯುವುದು ಕಾಣುತ್ತದೆಯೇ? ಹಳೆಯ ಕಾಲವೆಂದರೆ ಕಾಣದ ಕೈಗಳ ಕೆಲಸ. ಅದನ್ನು ತೋರಿಸದೆ ಬರೀ ಕುಣಿತ, ಔತಣ, ಪ್ರೇಮಪತ್ರ ತೋರಿಸುವ ಧಾರಾವಾಹಿಯನ್ನು ನಾನು ಮೂರನೇ ಕಂತಿನ ಆಚೆಗೆ ಒಯ್ಯುವುದಿಲ್ಲ.

ಡೌನ್‌ಟನ್ನಿನಲ್ಲಿ ಬೆಳಕು ಹರಿಯುವ ಮೊದಲೇ ಅಡುಗೆಮನೆಯ ಕೆಳದರ್ಜೆಯ ಹುಡುಗಿ ಡೇಸಿ ಎದ್ದು, ಎಲ್ಲರನ್ನೂ ಎಬ್ಬಿಸಿ, ಅಗ್ಗಿಷ್ಟಿಕೆಗಳಿಗೆ ಬೆಂಕಿ ಹೊತ್ತಿಸುತ್ತಾಳೆ. ಅಂದು ಪತ್ರಿಕೆ ತಡವಾಗಿ ಬರುತ್ತದೆ. ಬಂದ ಪತ್ರಿಕೆಯನ್ನು ಸೇವಕರು ಇಸ್ತ್ರಿ ಮಾಡುತ್ತಾರೆ! ಯಾಕೆಂದು ಡೇಸಿ ಕೇಳಿದರೆ ಉತ್ತರ ಸಿಗುತ್ತದೆ: ಮಸಿ ಒಣಗಲಿ, ದೊರೆಯ ಕೈ ಕಪ್ಪಾಗದಿರಲಿ ಎಂದು. ಟೈಟಾನಿಕ್‌ನ ಸುದ್ದಿ ಆ ಮನೆಗೆ ಬರುವುದು ಆ ಪತ್ರಿಕೆಯಲ್ಲಿ. ಅಂದರೆ ದೊರೆಯ ವಾರಸುದಾರ ಹೋಗಿದ್ದ ಹಡಗು ಮುಳುಗಿದೆ ಎಂಬುದನ್ನು ದೊರೆಗಿಂತ ಮೊದಲು ಓದಿದವರು ಇಸ್ತ್ರಿಪೆಟ್ಟಿಗೆ ಹಿಡಿದವರು. ಒಂದು ಮನೆಯ ಮೇಲು ಕೀಳು, ಯಾರಿಗೆ ಏನು ಯಾವಾಗ ಗೊತ್ತಾಗುತ್ತದೆ, ಎಲ್ಲವೂ ಒಂದೇ ಕೆಲಸದಲ್ಲಿ ಬಂತು. ಭಾಷಣವಿಲ್ಲ. ನಾನು ಅಲ್ಲಿಯೇ ಅರ್ಧ ಸೋತಿದ್ದೆ.

ಮಜಾ ಎಂದರೆ ಆ ಮೇಲಂತಸ್ತು ಮತ್ತು ಕೆಳಮನೆ ಒಂದೇ ಕಡೆ ಇಲ್ಲ. ಮೇಲಿನ ಕೋಣೆಗಳ ಚಿತ್ರೀಕರಣ ನಡೆದದ್ದು ಹ್ಯಾಂಪ್‌ಶೈರ್‌ನ ಹೈಕ್ಲೇರ್ ಕ್ಯಾಸಲ್‌ನಲ್ಲಿ. ಅಡುಗೆಮನೆ, ಸೇವಕರ ಊಟದ ಕೋಣೆ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ತಟ್ಟೆ ಹಿಡಿದು ಮೆಟ್ಟಿಲು ಹತ್ತುವ ಆಳು ಊರಿಂದ ಊರಿಗೇ ಹೋಗುತ್ತಾನೆ. ಎರಡರ ನಡುವೆ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಅಲಸ್ಟೇರ್ ಬ್ರೂಸ್ ಎಂಬ ಇತಿಹಾಸ ಸಲಹೆಗಾರರು ಸೆಟ್‌ನಲ್ಲೇ ಇದ್ದು, ನಟರ ಬೆನ್ನು ಕುರ್ಚಿಗೆ ಆನದಂತೆ ಕಾಯುತ್ತಿದ್ದರು. ಊಟದ ದೃಶ್ಯದಲ್ಲಿ ಇದನ್ನು ಗಮನಿಸಿ ನೋಡಿ.

ಮೊದಲ ಕಂತು ಗೆದ್ದರೂ ಒಪ್ಪಿಗೆ ಕೊಡುವುದಿಲ್ಲ. ಮೊದಲ ಕಂತನ್ನು ಎಲ್ಲರೂ ಮುತುವರ್ಜಿಯಿಂದ ಮಾಡುತ್ತಾರೆ. ಮೂಲ ಸಮಸ್ಯೆ ಕಥೆಯನ್ನು ಎಷ್ಟು ದೂರ ಹೊರಬಲ್ಲದು ಎಂದು ಆಗ ಯೋಚಿಸುತ್ತೇನೆ. ಇಲ್ಲಿನ ಸಮಸ್ಯೆ ಆಸ್ತಿಯದು: ಎಸ್ಟೇಟು ಗಂಡು ವಾರಸುದಾರನಿಗೆ ಮಾತ್ರ ಹೋಗುವಂತೆ ಕಟ್ಟುಬಿದ್ದಿದೆ, ದೊರೆಗೆ ಮೂವರೂ ಹೆಣ್ಣುಮಕ್ಕಳು, ಅಮೆರಿಕದಿಂದ ಬಂದ ಹೆಂಡತಿಯ ಹಣವೂ ಆ ಎಸ್ಟೇಟಿನೊಳಗೇ ಸೇರಿಹೋಗಿದೆ. ಗಟ್ಟಿ ಸಮಸ್ಯೆಯೇ ಹೌದು, ಆದರೆ 52 ಕಂತಿನಷ್ಟು ಅಲ್ಲ. ಜೊತೆಗೆ ಇನ್ನೊಂದು ಸಂಗತಿ ಸಿಕ್ಕಿತು: ಮುಖ್ಯ ನಟರ ಮೊದಲ ಒಪ್ಪಂದ ಮೂರು ಸೀಸನ್‌ಗಳಿಗೆ ಮಾತ್ರ ಆಗಿತ್ತು. ಮೂರರ ಹೊತ್ತಿಗೆ ಕೆಲವರು ಹೊರಡುತ್ತಾರೆ, ಕಥೆ ಬೇರೆ ದಾರಿ ಹಿಡಿಯುತ್ತದೆ ಎಂದು ಇದರಿಂದಲೇ ಊಹಿಸಬಹುದು. ಹಾಗಾಗಿ ನನ್ನ ತೀರ್ಮಾನ ಹೀಗಿತ್ತು: ಮೊದಲ ಸೀಸನ್ ಒಂದು ಪೂರ್ಣ ಕೃತಿ, ಅದನ್ನು ನೋಡುವುದು. ಮನಸ್ಸಾದರೆ ಮೂರರವರೆಗೆ. ಅದರಾಚೆಗೆ ಯಾವ ಹಂಗೂ ಇಲ್ಲ.

ಅಂದಹಾಗೆ ಒಂದು ಎಚ್ಚರಿಕೆ. ಪಾತ್ರದ ಹೆಸರನ್ನು ಮೊಬೈಲಿನಲ್ಲಿ ಹುಡುಕಲೇಬೇಡಿ. ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ‘ಸಾಯುವುದು ಹೇಗೆ’ ಎಂದು ಅದೇ ಪೂರ್ತಿ ಮಾಡಿಕೊಡುತ್ತದೆ. ವರ್ಷ, ಕಂತಿನ ಸಂಖ್ಯೆ, ನಿಂತದ್ದೋ ಮುಗಿದದ್ದೋ, ಇಷ್ಟನ್ನೇ ನೋಡಿ ಪುಟ ಮುಚ್ಚಬೇಕು. ಕಂತಿನ ಸಂಖ್ಯೆಯಲ್ಲೂ ಗೊಂದಲವಿದೆ: ಬ್ರಿಟನ್ನಿನಲ್ಲಿ ಏಳು ಕಂತಾಗಿ ಬಂದ ಮೊದಲ ಸೀಸನ್ ಅಮೆರಿಕದಲ್ಲಿ ನಾಲ್ಕು ಉದ್ದದ ಕಂತಾಗಿ ಪ್ರಸಾರವಾಯಿತು. ಕ್ರಿಸ್‌ಮಸ್ ವಿಶೇಷ ಕಂತುಗಳನ್ನು ಕೆಲವೆಡೆ ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಅವುಗಳನ್ನು ಬಿಟ್ಟರೆ ಸೀಸನ್ ಮುಗಿದಂತೆಯೇ ಅಲ್ಲ. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಉಪಶೀರ್ಷಿಕೆ ಹಾಕಿಕೊಳ್ಳಿ. ಕಥೆ ನಡೆಯುವ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಮಾತಿನ ಧಾಟಿಯಲ್ಲಿ ಅಡುಗೆಮನೆಯ ಅರ್ಧ ತಮಾಷೆ ಕೈತಪ್ಪುತ್ತದೆ.

ಇತಿಹಾಸ ಎಷ್ಟು ನಿಜ ಎಂಬುದೂ ನನ್ನ ತೀರ್ಮಾನದಲ್ಲಿ ಪಾಲು ಪಡೆಯುತ್ತದೆ. ಡೌನ್‌ಟನ್ನಿನ ಕುಟುಂಬ ಕಲ್ಪಿತ, ಕಾಲ ನಿಜ. ತಕರಾರಿಲ್ಲ. ‘ದಿ ಕ್ರೌನ್’ನಲ್ಲಿ ಜನ ನಿಜ, ಮುಚ್ಚಿದ ಬಾಗಿಲ ಹಿಂದಿನ ಮಾತು ಕಲ್ಪಿತ. ಅದರ ಮೂರನೇ ಸೀಸನ್‌ನಲ್ಲಿ ವೇಲ್ಸ್‌ನ ಆ್ಯಬರ್‌ವ್ಯಾನ್ ದುರಂತದ ಕಂತಿದೆ. 1966ರ ಅಕ್ಟೋಬರ್ 21ರಂದು ಗಣಿಯ ತ್ಯಾಜ್ಯದ ಗುಡ್ಡ ಶಾಲೆಯ ಮೇಲೆ ಜಾರಿ 144 ಮಂದಿ ಸತ್ತರು, ಅವರಲ್ಲಿ 116 ಮಕ್ಕಳು. ರಾಣಿ ಅಲ್ಲಿಗೆ ಹೋದದ್ದು ಎಂಟು ದಿನಗಳ ಬಳಿಕ. ಇಷ್ಟು ನಿಜ. ಆದರೆ ಆ ಎಂಟು ದಿನ ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದು ಬರಹಗಾರನ ಕೈಚಳಕ. ಆ ಕಂತು ಅತ್ಯುತ್ತಮ, ಅದಕ್ಕೇ ಅಪಾಯಕಾರಿ. ಅಂಥದ್ದನ್ನು ನೋಡುವಾಗ ಪಕ್ಕದಲ್ಲಿ ನಂಬಲರ್ಹವಾದ ಒಂದು ಇತಿಹಾಸದ ಪುಸ್ತಕವಿರಲಿ ಎನಿಸುತ್ತದೆ. ಡೌನ್‌ಟನ್‌ಗೆ ಆ ಅಗತ್ಯ ಬೀಳಲಿಲ್ಲ.

ನೋಡಿದ ಮೇಲೆ ಹೇಗನಿಸಿತು ಎಂದರೆ, ಮೊದಲ ಸೀಸನ್ ಅಚ್ಚುಕಟ್ಟು, ಎರಡನೆಯದರಲ್ಲಿ ಕಣ್ಣೀರು ಜಾಸ್ತಿ. ದೊರೆಯ ಖಾಸಾ ಸೇವಕ ಬೇಟ್ಸ್‌ನ ಪೊಲೀಸು, ಕೋರ್ಟು, ಜೈಲಿನ ರಗಳೆ ಮುಗಿಯಿತು ಎಂದುಕೊಂಡಾಗಲೆಲ್ಲ ಮತ್ತೆ ತಲೆ ಎತ್ತುತ್ತದೆ. ಆ ಎಳೆ ಬಂದಾಗ ನಾನು ಎದ್ದು ಬೇರೆ ಕೆಲಸ ನೋಡಿದ್ದುಂಟು. ಆದರೂ ಆರನೆಯ ಸೀಸನ್‌ವರೆಗೂ ಹೋದೆ. ಎಳೆದೊಯ್ದದ್ದು ದೊರೆಯ ಮನೆತನವಲ್ಲ, ಮನೆಗೆ ದೂರವಾಣಿ ಬಂದಾಗ ಅದರೆದುರು ಗಾಂಭೀರ್ಯದಿಂದ ಅಭ್ಯಾಸ ಮಾಡುವ ಬಟ್ಲರ್ ಕಾರ್ಸನ್‌ನಂಥವರು. ಆಮೇಲೆ ಬಂದ ಮೂರು ಸಿನಿಮಾಗಳನ್ನು ಧಾರಾವಾಹಿ ಮುಗಿಸದೆ ನೋಡುವುದರಲ್ಲಿ ಅರ್ಥವಿಲ್ಲ.

ಇದೇ ಅಳತೆಗೋಲು ‘ಕಾಲ್ ದ ಮಿಡ್‌ವೈಫ್’ಗೆ ಒಗ್ಗಲಿಲ್ಲ. 1957ರ ಲಂಡನ್ನಿನ ಬಡ ಬಡಾವಣೆಯೊಂದರ ಸೂಲಗಿತ್ತಿಯರಿಂದ 2012ರಲ್ಲಿ ಶುರುವಾದ ಕಥೆ ವರ್ಷಕ್ಕೊಂದು ವರ್ಷ ಸಾಗಿ, 2025ರ ಸೀಸನ್‌ನಲ್ಲಿ 1970ಕ್ಕೆ ತಲುಪಿತ್ತು. ಅಲ್ಲಿ ಮುಕ್ತಾಯಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ, ಕಾಯಬೇಕಾಗಿಯೂ ಇಲ್ಲ. ಬಹುಪಾಲು ಕಂತುಗಳಲ್ಲಿ ಒಂದು ಹೆರಿಗೆಯ ಕಥೆ ಅಲ್ಲಲ್ಲೇ ತೀರುತ್ತದೆ. ಹಾಗಾಗಿ ಮೊದಲಿನಿಂದ ನೋಡುವ ಹಟ ಬಿಟ್ಟೆ. ಗರ್ಭಿಣಿಯರ ವಾಕರಿಕೆಗೆ ಕೊಟ್ಟ ಥಾಲಿಡೊಮೈಡ್ ಮಾತ್ರೆ ಮಕ್ಕಳ ಕೈಕಾಲುಗಳನ್ನೇ ಕಸಿದ ಕಾಲ, ಅಂದರೆ 1961ರ ಆಸುಪಾಸನ್ನು ತೋರಿಸುವ ಐದನೇ ಸೀಸನ್‌ನಿಂದಲೇ ಶುರು ಮಾಡಿದೆ. ಹಿಂದಿನ ನಾಲ್ಕನ್ನು ಮನಸ್ಸು ಬಂದಾಗ ಒಂದೊಂದಾಗಿ ನೋಡುತ್ತಿದ್ದೇನೆ.