ಪುಣೆ ಹಾಸ್ಟೆಲ್ ಸೀಲಿಂಗಿಗೆ ಹ್ಯಾಂಗರ್ ಹಾಕಬ್ಯಾಡ್ರಿ

ವರ್ಷಾ ಜೂನ್ ಬಂತಂದ್ರ ವಿಜಯಪುರ, ಬೆಳಗಾವಿ, ಕಲಬುರಗಿ ಕಡಿಂದ ಹುಡುಗ್ರು ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ ಹಿಡ್ಕೊಂಡು ಪುಣೆಕ್ಕ ಬಂದು ಇಳೀತಾರ, ಸೆಪ್ಟೆಂಬರ್ ಅನ್ನೋದ್ರಾಗ ಅವರೊಳಗ ಒಬ್ಬರ ಫೋನ್ ಬರತೈತಿ, "ಅಣ್ಣಾ, ಡಿಪಾಸಿಟ್ ಹೋತು" ಅಂತ. ಹೆಂಗ ಹೋತು ಅಂತ ಕೇಳೂದು ಬಿಟ್ಟೇನಿ. ನಂದೂ ಹಂಗ ಹೋಗಿತ್ತು.

ಮೊದಲ ಸಿಗರೇಟ್ ಮುಗಿಸೂಣು. ರೂಮಿನ್ಯಾಗ ಸೇದಬಾರದು ಅಂತ ಯಾರಿಗೆ ಗೊತ್ತಿಲ್ಲ, ಆದ್ರ ಸರ್ಕಾರದ ದಂಡ ಬ್ಯಾರೆ, ಹಾಸ್ಟೆಲಿನ ದಂಡ ಬ್ಯಾರೆ ಅನ್ನೋದು ಹೊಸಬ್ರಿಗೆ ಹೊಳ್ಯಂಗಿಲ್ಲ. 2003ರ ಕೋಟ್ಪಾ ಅನ್ನೋ ತಂಬಾಕು ಕಾಯ್ದೆ ಪ್ರಕಾರ ಕಾಲೇಜ್ ಆವರಣದಾಗ ಸೇದಿ ಸಿಕ್ರ 200 ರೂಪಾಯಿ ತನಕ (ನಮ್ಮ ಕರ್ನಾಟಕದಾಗ ಈಗ ಅದನ್ನ 1000ಕ್ಕ ಏರಿಸ್ಯಾರ). ಖಾಸಗಿ ಹಾಸ್ಟೆಲಿಂದು ನೀವು ಓದದ ಸೈನ್ ಹೊಡದ ಅಗ್ರಿಮೆಂಟಿನ ಕಡೀ ಪುಟದಾಗ ಇರತೈತಿ, ಅಲ್ಲಿ ಆಕಡಿ ಒಂದು ಸೊನ್ನಿ ಹೆಚ್ಚಿರತೈತಿ ಅಷ್ಟ. ವೇಪ್ (ಇ-ಸಿಗರೇಟ್) ನಡೀತೈತಿ ಅನ್ನೋ ಜಾಣ್ರಿಗೆ ಒಂದು ಮಾತು, 2019ರಿಂದ ಅದರ ಮಾರಾಟ ದೇಶದ ತುಂಬ ಬಂದ್ ಐತಿ, ಮತ್ತ ಸ್ಮೋಕ್ ಡಿಟೆಕ್ಟರಿಗೆ ವೇಪ್, ಸಿಗರೇಟ್, ಊದಿನಕಡ್ಡಿ ಎಲ್ಲಾ ಒಂದ. ಗಣಪತಿ ಹಬ್ಬದಾಗ ನಮ್ಮ ಹುಡುಗ ಒಬ್ಬಾವ ಭಕ್ತೀಲೆ ಧೂಪ ಹಾಕಿ ಆರು ಮಹಡಿ ಮಂದೀನ್ನ ರಸ್ತಾಕ್ಕ ಇಳಿಸಿದ್ದ. ಡಿಟೆಕ್ಟರಿಗೆ ಕಾಲಚೀಲ ತೊಡಿಸೂದು ಹಳೇ ಯುಕ್ತಿ, ವಾರ್ಡನ್ ಬಾಗಿಲ ತೆಗದ ಕೂಡ್ಲೆ ಮೊದಲ ಮ್ಯಾಲ ನೋಡ್ತಾನ.

ಈಗ ನನ್ನ ಕಥಿ.

ನಮ್ಮೂರಾಗ ಅರಿವಿ ಒಣಾಕಿದ್ರ ಎರಡು ತಾಸಿಗೆ ಪಾಪಡ ಆಗ್ತಾವ. ಪುಣೆಯಾಗ ಜುಲೈ ತಿಂಗಳ ಮೂರು ದಿನ ಆದ್ರೂ ಜೀನ್ಸ್ ಹಸೀನ. ಬಾಲ್ಕನಿ ಇಲ್ಲ, ಗ್ವಾಡಿಗೆ ಮೊಳಿ ಹೊಡೀಬ್ಯಾಡ ಅಂತ ರೂಲ್, ಮ್ಯಾಲ ನೋಡಿದ್ರ ಸೀಲಿಂಗಿನ್ಯಾಗ ಸಣ್ಣ ನಳದ ಗತೆ ಒಂದು ಇಳಿಬಿದ್ದಿತ್ತು, ನಡಕ ಕೆಂಪು ಬಣ್ಣದ ಗಾಜಿನ ಕಡ್ಡಿ, ಹ್ಯಾಂಗರ್ ಹಾಕಾಕ ದೇವರ ಮಾಡಿಟ್ಟಂಗ. ಅದು ಸ್ಪ್ರಿಂಕ್ಲರ್. ಬೆಂಕಿ ಬಿದ್ದು ಅಲ್ಲಿ 68 ಡಿಗ್ರಿ ಆದ್ರ ಗಾಜಿನೊಳಗಿನ ದ್ರವ ಹಿಗ್ಗಿ ಗಾಜು ಒಡದು ನೀರು ಬಿಡಬೇಕು. ಹಸಿ ಜೀನ್ಸಿನ ಭಾರಕ್ಕೂ ಬಿಡತೈತಿ ಅಂತ ನನಗ ರಾತ್ರಿ ಒಂದೂವರಿಗೆ ಗೊತ್ತಾತು.

ಸಿನಿಮಾದಾಗ ತೋರಿಸಿದಂಗ ಎಲ್ಲಾ ಒಮ್ಮೆಗೇ ಸುರಿಯಂಗಿಲ್ಲ, ಒಡದದ್ದು ಒಂದ ಸುರೀತೈತಿ, ಆದ್ರ ಆ ಒಂದ ಸಾಕು ನಿಮ್ಮ ಜನ್ಮಕ್ಕ. ಕಬ್ಬಿಣದ ಪೈಪಿನ್ಯಾಗ ತಿಂಗಳಗಟ್ಟಲೆ ನಿಂತ ನೀರು, ಕರ್ರಗ, ನಾತ, ನಿಮಿಷಕ್ಕ 60-80 ಲೀಟರ್. ಒತ್ತಡ ಇಳಿದ ಕೂಡ್ಲೆ ಪಂಪ್ ತಾನಾಗೇ ಚಾಲೂ ಆಗಿ ಇನ್ನಷ್ಟು ತಳ್ಳತೈತಿ. ನಾ ಹುಚ್ಚನಂಗ ಟಾವೆಲ್ ಒತ್ತಿ ಹಿಡ್ಕೊಂಡು ಕುರ್ಚಿ ಮ್ಯಾಲ ನಿಂತಿದ್ದೆ, ಅದು ನಿಲ್ಲೂದು ಫ್ಲೋರಿನ ಶಾಫ್ಟಿನೊಳಗಿನ ವಾಲ್ವ್ ಬಂದ್ ಮಾಡಿದ್ರ ಮಾತ್ರ, ಅದರ ಕೀಲಿ ವಾಚ್‌ಮನ್ ಕಾಕಾನ ಹತ್ರ, ಕಾಕಾ ನಿದ್ದಿಯೊಳಗ. ಹನ್ನೆರಡು ನಿಮಿಷ. ಸಿಂಟೆಕ್ಸ್ ಟಾಕಿ ಬುಡಮೇಲು ಮಾಡಿದಂಗ.

ಆ ಒಡದ ಸಾಮಾನಿಗೆ ಕೆಲವ ನೂರು ರೂಪಾಯಿ. ನನಗ ಬಿದ್ದದ್ದು 22,000. ಕೆಳಗಿನ ರೂಮಿನ ಲ್ಯಾಪ್‌ಟಾಪ್, ಮೂರು ಗಾದಿ, ಫೈರ್ ಏಜೆನ್ಸಿಯವರು ಬಂದು ಹೋದ ಚಾರ್ಜ್. ಜಗಳಾಡಿ ನೋಡಿದೆ, ಕಡೀ ಪುಟ ಮುಂದಿಟ್ರು, ಫೈರ್ ಸಾಮಾನು ಹಾಳಾದ್ರ ರೂಮಿನವರೆಲ್ಲಾ ಕೂಡೇ ಹೊಣಿ ಅಂತ. ಮಲಕೊಂಡಿದ್ದ ಸೊಲ್ಲಾಪುರದ ಹುಡುಗಂದೂ 5,000 ಹೋತು. ಇವತ್ತಿಗೂ ಮಾತಾಡಂಗಿಲ್ಲ ಅಂವ.

ಹಿಂಗಾಗಿ, ರೂಮಿಗೆ ಬಂದ ದಿನಾನ ಸ್ಪ್ರಿಂಕ್ಲರ್ ಫೋಟೋ ತಗೀರಿ, ಸೊಟ್ಟ ಆಗಿದ್ರ, ಪೇಂಟ್ ಬಿದ್ದಿದ್ರ ಅವತ್ತ ಮೇಲ್ ಹಾಕ್ರಿ, ಇಲ್ಲಂದ್ರ ಹಿಂದಿನಾಂವ ಮಾಡಿದ್ದು ನಿಮ್ಮ ತಲಿಗೆ. ತುಳಶಿಬಾಗ ಪ್ಯಾಟ್ಯಾಗ ಅರಿವಿ ಒಣಸೋ ಮಡಚೋ ಸ್ಟ್ಯಾಂಡ್ ಸಿಗತೈತಿ, ಪುಸ್ತಕಕ್ಕಿಂತ ಮೊದಲ ಅದನ್ನ ತರ್ರಿ. ಕಪಾಟಿನ ಮ್ಯಾಲ ಸೂಟ್‌ಕೇಸ್ ಒಟ್ಟಿದ್ರ ಸ್ಪ್ರಿಂಕ್ಲರಿನ ಕೆಳಗ ಒಂದು ಮೊಳ ಖಾಲಿ ಇರಲಿ. ವಾಲ್ವ್ ಎಲ್ಲೈತಿ, ಕೀಲಿ ಯಾರ ಕಡಿ, ಕಾಕಾನ್ನ ಕೇಳಿ ಇಟ್ಕೋರಿ, ಒಂದು ಚಹಾ ಕುಡಿಸಿದ್ರ ಎಲ್ಲಾ ತೋರಿಸ್ತಾರ.

ಇಷ್ಟು ಕಳಕೊಂಡ್ರೂ ನಾ ಇಲ್ಲಿನ ಪದ್ಧತೀನ ಚಲೋ ಅಂತೀನಿ. ಬೆಂಗಳೂರಿನ್ಯಾಗ ನಾ ಇದ್ದ ಪಿಜಿಯೊಳಗ ಐದು ಮಹಡಿಗೆ ಒಂದ ಮೆಟ್ಟಲ, ಮೆಟ್ಟಲ ಬುಡಕ ಸಿಲಿಂಡರ್ ಸಾಲು, ದಂಡಾನೂ ಇಲ್ಲ, ಸ್ಪ್ರಿಂಕ್ಲರೂ ಇಲ್ಲ. ಮಹಾರಾಷ್ಟ್ರದಾಗ 2006ರ ಫೈರ್ ಕಾಯ್ದೆ ಐತಿ, ಸಾಮಾನೆಲ್ಲಾ ಕೆಲಸ ಮಾಡ್ತಾವ ಅಂತ ಮಾಲೀಕ ಪ್ರತಿ ಜನವರಿ, ಜುಲೈದಾಗ ಲೈಸೆನ್ಸ್ ಇದ್ದ ಏಜೆನ್ಸಿಯಿಂದ ಫಾರ್ಮ್ ಬಿ ಕೊಡಬೇಕು. ರೂಮ್ ನೋಡಾಕ ಹೋದಾಗ ಅದನ್ನ ತೋರಿಸ್ರಿ ಅಂತ ಕೇಳ್ರಿ, ಮುಖ ನೋಡಿದ್ರ ತಿಳೀತೈತಿ.

ಖರೇ ಅಂಜಿಕಿ ಸದಾಶಿವ ಪೇಠದ ಕಡಿ ಹಳೇ ವಾಡೆಗಳಾಗ. ಕಾಟ್ ಬೇಸಿಸ್ (ಮಂಚದ ಲೆಕ್ಕದಾಗ ಬಾಡಿಗಿ) ಅಂತ ಒಂದು ಕೋಣಿಯೊಳಗ ಐದಾರು ಮಂದಿ, ಕಟ್ಟಿಗಿ ಮೆಟ್ಟಲ, ಒಂದ ಎಕ್ಸ್‌ಟೆನ್ಶನ್ ಬೋರ್ಡಿಗೆ ಎಲ್ಲಾರ ಚಾರ್ಜರ್. ಅಲ್ಲಿ 2000 ವ್ಯಾಟಿನ ಇಂಡಕ್ಷನ್ ಹಚ್ಚಬ್ಯಾಡ್ರಿ, ಅದು ಒಂಬತ್ತು ಆಂಪ್ ಹತ್ರ ಎಳೀತೈತಿ, ಆ ಸಣ್ಣ ಪಿನ್ನಿನ ಪಾಯಿಂಟ್ ಇರೂದ ಆರು ಆಂಪಿಂದು. ಹಂತಾ ಕಡಿ ರೂಮ್ ನೋಡಿದ್ರ ಹಿಂದಿನ ಬಾಗಿಲ ತನಕ ನಡದು ಹೋಗಿ ದೂಕಿ ನೋಡ್ರಿ, ಕೀಲಿ ಹಾಕಿದ್ರ ಬಾಡಿಗಿ ಎಷ್ಟ ಕಮ್ಮಿ ಇದ್ರೂ ಬ್ಯಾಡ ಅಂದು ಮುಂದಿನ ಓಣಿಗೆ ಹೋಗ್ರಿ.